ಎಂಟು ಜನ, ಒಂದೇ ವಿಮಾನ: ಪಾಲಿನ ಮಾಡೆಲ್ ಪ್ಲೇನ್ ಕ್ಲಬ್ ನಡೆಸುವ ಬಗೆ

ಹುಬ್ಬಳ್ಳಿಯಿಂದ ಗದಗಕ್ಕೆ ಹೋಗುವಾಗ ಅಣ್ಣಿಗೇರಿ ಹತ್ತಿರ ರಸ್ತೆಯ ಎರಡೂ ಕಡೆ ಕಣ್ಣು ಹೋದಷ್ಟು ದೂರ ಎರೆ ಹೊಲ. ಹಿಂಗಾರಿ ಕಡಲೆ ಕಿತ್ತಾದ ಮೇಲೆ ಅಲ್ಲಿ ಬರೀ ಬಯಲು. ಅಂಥ ಒಂದು ಹೊಲದಲ್ಲಿ ಭಾನುವಾರ ಬೆಳಿಗ್ಗೆ ನಾವು ಎಂಟು ಜನ ಸೇರುತ್ತೇವೆ. ಇಬ್ಬರು ಇಂಜಿನಿಯರಿಂಗ್ ಓದುವ ಹುಡುಗರು, ಒಬ್ಬರು ಬ್ಯಾಂಕಿನವರು, ಒಬ್ಬರು ಶಾಲೆ ಮಾಸ್ತರರು, ಉಳಿದವರು ಬೇರೆ ಬೇರೆ ಕೆಲಸದವರು. ವಿಮಾನ ಮಾತ್ರ ಒಂದೇ. ರಿಮೋಟ್‌ನಿಂದ ಹಾರಿಸುವ ಫೋಮ್ ವಿಮಾನ, ರೆಕ್ಕೆ ಒಂದು ತುದಿಯಿಂದ ಇನ್ನೊಂದು ತುದಿಗೆ 1.2 ಮೀಟರ್, ತೂಕ ಒಂದು ಕೆ.ಜಿ. ಆಸುಪಾಸು.

ಒಬ್ಬರೇ ಕೊಂಡರೆ ಖರ್ಚು ಜಾಸ್ತಿ, ಕಲಿಸುವವರು ಇರುವುದಿಲ್ಲ, ಎರಡನೇ ಸಲ ಬಿದ್ದಾಗ ಮೂಲೆಗೆ ಇಟ್ಟುಬಿಡುತ್ತೀರಿ. ಕೂಡಿ ಕೊಂಡರೆ ಈ ಮೂರೂ ತೊಂದರೆ ಇಲ್ಲ. ಆದರೆ ಕೂಡಿ ಕೊಂಡ ವಿಮಾನಕ್ಕೆ ಅದರದೇ ಒಂದು ಕಾಯಿಲೆ ಇದೆ, ನಮಗೆ ಅದು ಗೊತ್ತಾಗಲು ಒಂದು ವಿಮಾನ ಹೋಯಿತು. ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ.

ಶುರುವಿನಲ್ಲಿ ನಮ್ಮ ನಿಯಮ ಸರಳವಾಗಿತ್ತು: ಯಾರು ಮುರಿದರೋ ಅವರೇ ದುಡ್ಡು ಕೊಡಬೇಕು. ಕೇಳಲು ನ್ಯಾಯ ಅನ್ನಿಸುತ್ತೆ, ಅಲ್ವಾ? ಒಂದು ಭಾನುವಾರ ಗೆಳೆಯನೊಬ್ಬ ಸ್ವಲ್ಪ ಜೋರಾಗಿ ಇಳಿಸಿದ. ಎಡ ರೆಕ್ಕೆ ನೆಲಕ್ಕೆ ಉಜ್ಜಿತು. ಎತ್ತಿ ನೋಡಿದ, ಎಲ್ಲೂ ಬಿರುಕಿಲ್ಲ, ಮಣ್ಣು ಒರೆಸಿ ಡಬ್ಬಿಯಲ್ಲಿ ಇಟ್ಟ. ಮುಂದಿನ ವಾರ ಹೊಸಬರೊಬ್ಬರು ಮೇಲೆ ಹಾರಿಸಿದರು, ಸುಮಾರು 40 ಮೀಟರ್ ಎತ್ತರದಲ್ಲಿ ಎಡಕ್ಕೆ ತಿರುಗಿಸಿದರು. ತಿರುಗಿದ್ದು ಮತ್ತೆ ನೇರ ಆಗಲೇ ಇಲ್ಲ. ಸುತ್ತುತ್ತಾ ಬಂದು ಪಕ್ಕದ ಜೋಳದ ಹೊಲದಲ್ಲಿ ಮೂಗು ಊರಿತು. ಬಿಚ್ಚಿ ನೋಡಿದಾಗ ಎಡ ರೆಕ್ಕೆಯ ಸರ್ವೋ, ಅಂದರೆ ರೆಕ್ಕೆಯ ಹಿಂದಿನ ಪಟ್ಟಿಯನ್ನು ಮೇಲೆ ಕೆಳಗೆ ಆಡಿಸುವ ಪುಟ್ಟ ಮೋಟಾರು, ಅದರೊಳಗೆ ಅಕ್ಕಿ ಕಾಳಿಗಿಂತ ಸಣ್ಣದೊಂದು ಪ್ಲಾಸ್ಟಿಕ್ ಗಾಲಿ, ಅದರ ಒಂದು ಹಲ್ಲು ಮಾತ್ರ ಹೋಗಿತ್ತು. ಹಿಂದಿನ ವಾರ ಉಜ್ಜಿದಾಗಲೇ ಮುರಿದಿತ್ತು. ಆ ಗೆಳೆಯ ಕೆಟ್ಟವನಲ್ಲ. ತಿಂಗಳ ಕೊನೆ, ಕೈಯಲ್ಲಿ ದುಡ್ಡಿರಲಿಲ್ಲ, ಹೇಳಿದರೆ ಖರ್ಚು ತನ್ನ ತಲೆಗೆ ಬರುತ್ತೆ ಅಂತ ಸುಮ್ನಿದ್ದ. ಸುಮ್ನಿರುವ ಹಾಗೆ ಮಾಡಿದ್ದು ನಮ್ಮ ನಿಯಮ.

ಅವತ್ತೇ ನಿಯಮ ಬದಲಾಯಿಸಿದೆವು. ಈಗ ಹೀಗಿದೆ: ಹೇಳಿದರೆ ಖರ್ಚು ಕ್ಲಬ್ಬಿನದು, ಮುಚ್ಚಿಟ್ಟರೆ ಪೂರ್ತಿ ನಿಮ್ಮದು. ಕೆಳಗೆ ಬರೆದಿರುವ ದುಡ್ಡಿನ ಲೆಕ್ಕ, ಪುಸ್ತಕ, ತಪಾಸಣೆ ಎಲ್ಲ ಈ ಒಂದು ನಿಯಮ ನಿಲ್ಲಲಿ ಅಂತ ಮಾಡಿಕೊಂಡದ್ದು.

ಮೊದಲು ಜನ, ಆಮೇಲೆ ವಿಮಾನ

ಒಂದು ವಿಮಾನಕ್ಕೆ ಎಂಟು ಜನ ಸಾಕು. ಬೆಳಿಗ್ಗೆ ಗಾಳಿ ಕಡಿಮೆ ಇರುವುದು ಹೆಚ್ಚೆಂದರೆ ಎರಡು ತಾಸು, ಒಂದು ಹಾರಾಟಕ್ಕೆ ತಪಾಸಣೆ, ಹಾರಿಸುವುದು, ಬ್ಯಾಟರಿ ಬದಲಾಯಿಸುವುದು ಎಲ್ಲ ಸೇರಿ ಕಾಲು ತಾಸು ಬೇಕು, ಅಂದರೆ ತಲೆಗೆ ಒಂದು ಹಾರಾಟ. ಹನ್ನೆರಡು ಜನ ಆದರೆ ನಾಲ್ವರು ಬಂದು ನೋಡಿ ಹೋಗುತ್ತಾರೆ, ಮೂರನೇ ವಾರದಿಂದ ಬರುವುದೇ ಇಲ್ಲ.

ಎಂಟರಲ್ಲಿ ಒಬ್ಬರಿಗಾದರೂ ಹಾರಿಸಿ ಗೊತ್ತಿರಬೇಕು. ಎನ್‌ಸಿಸಿ ಏರ್ ವಿಂಗ್‌ನಲ್ಲಿ ಏರೋಮಾಡೆಲಿಂಗ್ ಮಾಡಿದವರು ನಿಮ್ಮ ಊರಲ್ಲೂ ಇರಬಹುದು, ಕೇಳಿ ನೋಡಿ. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ವಿಮಾನ ಕಟ್ಟುವ ಹುಡುಗರ ಗುಂಪುಗಳು ಸಿಗುತ್ತವೆ. ಯಾರೂ ಸಿಗದಿದ್ದರೆ ವಿಮಾನ ಕೊಳ್ಳುವ ಮೊದಲು ಎಲ್ಲರೂ ಕಂಪ್ಯೂಟರಿನ ಸಿಮ್ಯುಲೇಟರ್‌ನಲ್ಲಿ ಒಂದು ಹತ್ತು ತಾಸು ಕೂತು ಕಲಿಯಿರಿ. ವಿಮಾನ ನಿಮ್ಮ ಕಡೆ ಮುಖ ಮಾಡಿ ಬರುವಾಗ ಎಡ ಬಲ ಅದಲು ಬದಲು ಆಗುತ್ತೆ. ಹೊಸಬರ ವಿಮಾನ ಹೆಚ್ಚಾಗಿ ಬೀಳುವುದು ಇದೇ ಗೊಂದಲದಲ್ಲಿ, ಇದನ್ನು ಸಿಮ್ಯುಲೇಟರ್‌ನಲ್ಲಿ ಪುಕ್ಕಟೆ ಬೀಳಿಸಿ ಕಲಿಯಬಹುದು.

ಮೊದಲ ದಿನವೇ ತೀರ್ಮಾನ ಆಗಬೇಕಾದ ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಹೇಳುವುದಿಲ್ಲ. ರಿಮೋಟ್‌ಗಳಲ್ಲಿ ಮೋಡ್ 1, ಮೋಡ್ 2 ಅಂತ ಇರುತ್ತವೆ. ಮೋಡ್ 2ರಲ್ಲಿ ವೇಗ ಕೊಡುವ ಸ್ಟಿಕ್ ಎಡಗೈಗೆ, ಮೂಗು ಎತ್ತಿ ಇಳಿಸುವ ಸ್ಟಿಕ್ ಬಲಗೈಗೆ. ಮೋಡ್ 1ರಲ್ಲಿ ಇವೆರಡು ಉಲ್ಟಾ. ಒಂದೇ ವಿಮಾನವನ್ನು ಎಂಟು ಜನ ಹಾರಿಸುವಾಗ ಎಲ್ಲರೂ ಒಂದೇ ಮೋಡ್ ಕಲಿಯಬೇಕು. ಮೋಡ್ 2 ಹಿಡಿಯಿರಿ, ನಮ್ಮಲ್ಲಿ ಕಲಿಸುವವರು, ಸಿಗುವ ರಿಮೋಟ್ ಎರಡೂ ಹೆಚ್ಚಾಗಿ ಅದೇ.

ದುಡ್ಡು

ನಮ್ಮ ಲೆಕ್ಕ ಹೇಳುತ್ತೇನೆ, ನಿಮ್ಮದು ಹೆಚ್ಚು ಕಡಿಮೆ ಆಗಬಹುದು. ತಲೆಗೆ 3,000 ರೂ., ಎಂಟು ಜನರದು 24,000 ರೂ. ಅದರಲ್ಲಿ ವಿಮಾನ, ರಿಮೋಟ್, ಚಾರ್ಜರ್, ನಾಲ್ಕು ಬ್ಯಾಟರಿ, ಒಂದು ಡಬ್ಬಿ ಸಾಮಾನು ಬಂತು. ಆಮೇಲೆ ತಿಂಗಳಿಗೆ ತಲೆಗೆ 200 ರೂ., ವರ್ಷಕ್ಕೆ 19,200 ರೂ. ಕೂಡುತ್ತೆ. ರಿಪೇರಿ ಎಲ್ಲ ಇದರಲ್ಲೇ.

ದೊಡ್ಡ ವಿಮಾನಗಳ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಹಾರಿಸಿದ ತಾಸಿಗೆ ಇಷ್ಟು ಅಂತ ತೆಗೆದುಕೊಳ್ಳುತ್ತಾರೆ, ಯಾಕೆಂದರೆ ಎಂಜಿನ್ನಿನ ಆಯಸ್ಸು ತಾಸಿನ ಲೆಕ್ಕದಲ್ಲಿ ಸವೆಯುತ್ತೆ. ನಮ್ಮ ಪುಟ್ಟ ವಿಮಾನದಲ್ಲಿ ಹಾಗೆ ಸವೆಯುವುದು ಬ್ಯಾಟರಿ. 1,800 ರೂಪಾಯಿಯ ಬ್ಯಾಟರಿ 150 ಸಲ ಚಾರ್ಜ್ ಆಗಿ ಮುಗಿಯುತ್ತೆ ಅಂತ ಹಿಡಿದರೆ ಒಂದು ಹಾರಾಟಕ್ಕೆ 12 ರೂ. ಆಗುತ್ತೆ. ನಾವು 15 ರೂ. ಇಟ್ಟಿದ್ದೇವೆ. ಜಾಸ್ತಿ ಹಾರಿಸುವವರು ಜಾಸ್ತಿ ಕೊಡುತ್ತಾರೆ, ಯಾರಿಗೂ ಭಾರ ಅನ್ನಿಸುವುದಿಲ್ಲ, ಬ್ಯಾಟರಿ ಸತ್ತಾಗ ಹೊಸದಕ್ಕೆ ದುಡ್ಡು ಇದ್ದೇ ಇರುತ್ತೆ.

ಬಿಟ್ಟು ಹೋಗುವವರ ಲೆಕ್ಕವನ್ನು ಸೇರುವ ದಿನವೇ ಬರೆದಿಡಿ. ವರ್ಗ ಆಗುತ್ತೆ, ಮದುವೆ ಆಗುತ್ತೆ, ಹುಡುಗರಿಗೆ ಬೆಂಗಳೂರಲ್ಲಿ ಕೆಲಸ ಸಿಗುತ್ತೆ. ನಮ್ಮಲ್ಲಿ ಮೊದಲ ವರ್ಷದಲ್ಲಿ ಬಿಟ್ಟರೆ 2,000 ರೂ. ವಾಪಸ್, ಎರಡನೇ ವರ್ಷದಲ್ಲಿ 1,000, ಆಮೇಲೆ ಏನೂ ಇಲ್ಲ. ಹೊಸದಾಗಿ ಸೇರುವವರ ಪಾಲಿನ ಬೆಲೆಯನ್ನು ಯುಗಾದಿಗೆ ಒಮ್ಮೆ ಎಲ್ಲರೂ ಕೂತು ಗೊತ್ತು ಮಾಡುತ್ತೇವೆ. ಒಂದು ಪುಟದ ಕಾಗದ, ಎಂಟು ಸಹಿ, ಸಾಕು. ಗೆಳೆಯರ ನಡುವೆ ಕಾಗದ ಯಾಕೆ ಅಂತ ಯಾರಾದರೂ ಅಂದರೆ, ಗೆಳೆತನ ಉಳಿಯಲಿ ಅಂತಲೇ ಕಾಗದ ಅಂತ ಹೇಳಿ.

ಕಾನೂನು, ಅದರಲ್ಲೂ ಗೋಕುಲ ರಸ್ತೆಯ ವಿಮಾನ ನಿಲ್ದಾಣ

ಭಾರತದಲ್ಲಿ ಈಗ ಇರುವುದು ಡ್ರೋನ್ ನಿಯಮಗಳು 2021. ರಿಮೋಟ್ ವಿಮಾನವೂ ಅದರಡಿ ಬರುತ್ತೆ. 250 ಗ್ರಾಂವರೆಗೆ ನ್ಯಾನೋ, ಅಲ್ಲಿಂದ 2 ಕೆ.ಜಿ.ವರೆಗೆ ಮೈಕ್ರೋ, 2ರಿಂದ 25 ಕೆ.ಜಿ. ಸ್ಮಾಲ್. ಮೈಕ್ರೋ ವರ್ಗದ್ದನ್ನು ವ್ಯಾಪಾರಕ್ಕಲ್ಲದೆ ಹಾರಿಸಿದರೆ ರಿಮೋಟ್ ಪೈಲಟ್ ಲೈಸೆನ್ಸ್ ಬೇಡ. ನಾವು ಒಂದು ಕೆ.ಜಿ.ಯ ಫೋಮ್ ವಿಮಾನ ಹಿಡಿದದ್ದಕ್ಕೆ ಇದೂ ಒಂದು ಕಾರಣ. ಬಾಲ್ಸಾ ಕಟ್ಟಿಗೆಯ, ಇಂಧನದಿಂದ ಓಡುವ ಗ್ಲೋ ಎಂಜಿನ್ನಿನ ಹಳೇ ಮಾದರಿಯ ಟ್ರೇನರ್ (ಕಲಿಯುವವರ ವಿಮಾನ) ನೋಡಲು ಚಂದ, ಸದ್ದೂ ಚಂದ, ಆದರೆ ಅದು ಸುಲಭವಾಗಿ 2 ಕೆ.ಜಿ. ದಾಟುತ್ತೆ.

ನೋಂದಣಿ ವಿಷಯ ಮೊದಲೇ ನೋಡಿಕೊಳ್ಳಿ. ನೋಂದಣಿ ಯಾರ ಹೆಸರಿಗೋ ಹೊಣೆ ಅವರ ಮೇಲೆ ಬರುತ್ತೆ, ಅದಕ್ಕೆ ಅವರು ಎಲ್ಲರ ಪರವಾಗಿ ಹೆಸರು ಕೊಟ್ಟಿದ್ದಾರೆ ಅಂತ ನಿಮ್ಮ ಕಾಗದದಲ್ಲಿ ಒಂದು ಸಾಲು ಬರೆಯಿರಿ. ನ್ಯಾನೋ ಬಿಟ್ಟು ಉಳಿದವಕ್ಕೆ ಬೇರೆಯವರಿಗೆ ಆಗುವ ಹಾನಿಯ ವಿಮೆ ಬೇಕು. ಅದರ ಕಂತೂ ಕ್ಲಬ್ಬಿನ ದುಡ್ಡಿನಲ್ಲೇ.

ಜಾಗದ ವಿಷಯಕ್ಕೆ ಡಿಜಿಟಲ್ ಸ್ಕೈ ಅನ್ನುವ ಸರ್ಕಾರಿ ವೆಬ್‌ಸೈಟಿನ ನಕಾಶೆ ತೆಗೆದು ನೋಡಿ: ಹಸಿರು, ಹಳದಿ, ಕೆಂಪು. ಹಸಿರಿನಲ್ಲಿ 400 ಅಡಿವರೆಗೆ, ಅಂದರೆ 120 ಮೀಟರ್‌ವರೆಗೆ ಅನುಮತಿ ಕೇಳದೆ ಹಾರಿಸಬಹುದು. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ ಅದು 200 ಅಡಿಗೆ ಇಳಿಯುತ್ತೆ. ನಮ್ಮ ವಿಮಾನ ನಿಲ್ದಾಣ ಗೋಕುಲ ರಸ್ತೆಯಲ್ಲಿ, ಹೆಚ್ಚುಕಡಿಮೆ ಊರೊಳಗೇ ಇದೆ. ಹಾಗಾಗಿ ಹುಬ್ಬಳ್ಳಿಯ ಮೈದಾನ, ಕಾಲೇಜು ಬಯಲು ಯಾವುದನ್ನೂ ಯೋಚಿಸಲೇಬೇಡಿ, ಎಷ್ಟೇ ಖಾಲಿ ಕಂಡರೂ. ಇಳಿಯುತ್ತಿರುವ ವಿಮಾನದಲ್ಲಿ ಎಪ್ಪತ್ತೋ ಎಂಬತ್ತೋ ಜನ ಕೂತಿರುತ್ತಾರೆ. ಗದಗ, ನವಲಗುಂದ, ಅಣ್ಣಿಗೇರಿ ಕಡೆ ಹೋದರೆ ಈ ಚಿಂತೆ ದೂರ, ಆದರೂ ಹೊಸ ಜಾಗಕ್ಕೆ ಹೋಗುವ ಮುನ್ನ ನಕಾಶೆ ನೋಡಿಯೇ ಹೋಗಿ. ಹತ್ತಿರದ ಪೊಲೀಸ್ ಠಾಣೆಗೆ ಒಂದು ಪತ್ರ ಕೊಟ್ಟಿಡಿ. ಆಕಾಶದಲ್ಲಿ ಏನೋ ಸುತ್ತುತ್ತಿದೆ ಅಂತ ಊರವರು ಫೋನ್ ಮಾಡಿದಾಗ ಅವರಿಗೆ ಮೊದಲೇ ಗೊತ್ತಿದ್ದರೆ ಎಲ್ಲರಿಗೂ ನೆಮ್ಮದಿ.

ಹೊಲ

ಹೊಲದ ಮಾಲೀಕರನ್ನು ಕೇಳಿ, ಪ್ರತಿ ಹಂಗಾಮಿಗೂ ಮತ್ತೆ ಕೇಳಿ. ನಾವು ಹಾರಿಸುವ ಹೊಲದ ಕಾಕಾ ಮೊದಲ ದಿನ ಒಂದೇ ಮಾತು ಹೇಳಿದರು: "ಬೆಳಿ ಇಲ್ಲದಾಗ ಎಷ್ಟರ ಹಾರಸ್ರಿ. ಬೆಳಿ ಇದ್ದಾಗ ಬಿತ್ತಂದ್ರ ನೀವು ಒಳಗ ಇಳೀಬ್ಯಾಡ್ರಿ, ನನ್ನ ಕರೀರಿ." ಇವತ್ತಿಗೂ ಹಾಗೇ ನಡೆಯುತ್ತೆ. ಬಿದ್ದ ವಿಮಾನ ಹುಡುಕಲು ಎಂಟು ಜನ ಕಡಲೆ ತುಳಿದರೆ ಮುಂದಿನ ವಾರ ಹೊಲ ಸಿಗುವುದಿಲ್ಲ, ಸಿಗಲೂಬಾರದು.

ಕಡಲೆ ಕಿತ್ತ ಹೊಲ ಒಳ್ಳೆಯದು. ಜೋಳ ಕೊಯ್ದ ಹೊಲ ಬೇಡ, ಕೂಳೆ ಚೂಪಾಗಿ ನಿಂತಿರುತ್ತೆ, ಇಳಿದ ವಿಮಾನದ ಹೊಟ್ಟೆಯನ್ನು ಹರಿದುಬಿಡುತ್ತೆ. ಕುಂಟಿ ಹೊಡೆದು ಮಟ್ಟ ಮಾಡಿದ 60 ಹೆಜ್ಜೆ ಉದ್ದ, 10 ಹೆಜ್ಜೆ ಅಗಲದ ಪಟ್ಟಿ ಸಿಕ್ಕರೆ ಸಾಕು, ಅದು ಗಾಳಿ ಬರುವ ದಿಕ್ಕಿಗೆ ಇರಲಿ. ಬೇಸಿಗೆ ಏರಿದಂತೆ ಎರೆ ಮಣ್ಣು ಬಿರುಕು ಬಿಡುತ್ತೆ, ಸಣ್ಣ ಗಾಲಿ ಅದರಲ್ಲಿ ಸಿಕ್ಕಿಕೊಂಡು ವಿಮಾನ ಪಲ್ಟಿ ಹೊಡೆಯುತ್ತೆ. ಆಗ ಗಾಲಿ ತೆಗೆದುಬಿಡಿ, ಕೈಯಿಂದ ಎಸೆದು ಹಾರಿಸಿ, ಹೊಟ್ಟೆಯ ಮೇಲೆ ಇಳಿಸಿ. ಹೊಟ್ಟೆಗೆ ಅಗಲ ಪ್ಯಾಕಿಂಗ್ ಟೇಪ್ ಅಂಟಿಸಿದರೆ ಫೋಮ್ ಉಳಿಯುತ್ತೆ.

ವಿದ್ಯುತ್ ತಂತಿ, ರಸ್ತೆ, ದನ ಕಾಯುವವರು ಇರುವ ದಿಕ್ಕಿಗೆ ಬೆನ್ನು ಮಾಡಿ ನಿಲ್ಲಿ, ವಿಮಾನ ಯಾವಾಗಲೂ ನಿಮ್ಮ ಮುಂದೆಯೇ ಇರಲಿ. ಜೂನ್, ಜುಲೈನ ಆಷಾಢದ ಗಾಳಿಗೆ ಒಂದು ಕೆ.ಜಿ. ವಿಮಾನ ತಡೆಯುವುದಿಲ್ಲ. ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ. ಆ ಎರಡು ತಿಂಗಳು ಹಾರಿಸಬೇಡಿ, ರಿಪೇರಿ ಮಾಡಿ.

ಸ್ನ್ಯಾಗ್ ಪುಸ್ತಕ

ದೊಡ್ಡ ವಿಮಾನದಲ್ಲಿ ಪೈಲಟ್ ಇಳಿದ ಮೇಲೆ ಏನಾದರೂ ದೋಷ ಕಂಡಿದ್ದರೆ ಪುಸ್ತಕದಲ್ಲಿ ಬರೆಯುತ್ತಾರೆ, ಅದನ್ನು ಸ್ನ್ಯಾಗ್ ಅನ್ನುತ್ತಾರೆ. ಇಂಜಿನಿಯರ್ ಅದನ್ನು ಸರಿ ಮಾಡಿ ಕೆಳಗೆ ಸಹಿ ಹಾಕುತ್ತಾರೆ. ನಾವು ಅದನ್ನೇ 100 ಪುಟದ ನೋಟ್‌ಬುಕ್ಕಿನಲ್ಲಿ ಮಾಡುತ್ತೇವೆ. ಪುಸ್ತಕ ವಿಮಾನದ ಡಬ್ಬಿಯಲ್ಲೇ ಇರಬೇಕು, ಜೊತೆಗೆ ದಾರ ಕಟ್ಟಿದ ಪೆನ್ನು. ಮೊಬೈಲಿನಲ್ಲಿ ಬರೆಯುವ ಪ್ರಯತ್ನ ಮಾಡಿದೆವು, ಮೂರು ವಾರಕ್ಕೆ ನಿಂತುಹೋಯಿತು. ಬಿಸಿಲಲ್ಲಿ ಪರದೆ ಕಾಣುವುದಿಲ್ಲ, ಕೈ ತುಂಬ ಮಣ್ಣು.

ಪ್ರತಿ ಹಾರಾಟಕ್ಕೆ ಒಂದು ಸಾಲು: ತಾರೀಖು, ಹೆಸರು, ಬ್ಯಾಟರಿ ನಂಬರ್, ಎಷ್ಟು ನಿಮಿಷ, ಹೇಗೆ ಇಳಿಯಿತು. ಕೊನೆಯ ಅಂಕಣವೇ ಮುಖ್ಯ. "ಚೆನ್ನಾಗಿ", "ಜೋರಾಗಿ", "ರೆಕ್ಕೆ ತಾಗಿತು", "ಮೂಗು ಊರಿತು", ಈ ನಾಲ್ಕರಲ್ಲಿ ಒಂದು ಬರೆಯಲೇಬೇಕು. ಮೊದಲನೆಯದು ಬಿಟ್ಟು ಉಳಿದ ಯಾವುದು ಬಂದರೂ ಮುಂದಿನ ಹಾರಾಟಕ್ಕೆ ಮೊದಲು ಇನ್ನೊಬ್ಬರು, ಹಾರಿಸಿದವರಲ್ಲ, ವಿಮಾನವನ್ನು ಕೈಯಲ್ಲಿ ಹಿಡಿದು ಪೂರ್ತಿ ನೋಡಿ ಸಹಿ ಹಾಕಬೇಕು. ಹಾರಿಸಿದವರ ಕಣ್ಣಿಗೆ ಏನೂ ಆಗಿಲ್ಲ ಅಂತಲೇ ಕಾಣುತ್ತೆ, ಅದು ಮನುಷ್ಯನ ಗುಣ.

ಎಂಟು ಜನರಲ್ಲಿ ಒಬ್ಬರನ್ನು ಆರು ತಿಂಗಳಿಗೆ ವಿಮಾನದ ಮಿಸ್ತ್ರಿ ಅಂತ ಮಾಡಿ. "ಇವತ್ತು ಹಾರಿಸುವುದು ಬೇಡ" ಅನ್ನುವ ಅಧಿಕಾರ ಅವರೊಬ್ಬರಿಗೇ ಇರಲಿ, ಅದರ ಮೇಲೆ ವಾದ ಬೇಡ. ಆರು ತಿಂಗಳಾದ ಮೇಲೆ ಬೇರೆಯವರು. ಹೀಗೆ ಸುತ್ತಿದರೆ ನಾಲ್ಕು ವರ್ಷಕ್ಕೆ ಎಂಟೂ ಜನರಿಗೆ ವಿಮಾನ ಬಿಚ್ಚಿ ಜೋಡಿಸಲು ಬರುತ್ತೆ.

ಹಾರಿಸುವ ಮೊದಲು

ಪ್ರತಿ ಸಲ, ಇದೇ ಕ್ರಮದಲ್ಲಿ, ಬಾಯಿಬಿಟ್ಟು ಹೇಳುತ್ತಾ ಮಾಡಿ. ಮೊದಲು ರಿಮೋಟ್ ಆನ್, ಅದರಲ್ಲಿ ಸರಿಯಾದ ವಿಮಾನದ ಹೆಸರು ಇದೆಯಾ ನೋಡಿ. ವೇಗದ ಸ್ಟಿಕ್ ಕೆಳಗೆ. ಆಮೇಲೆ ವಿಮಾನಕ್ಕೆ ಬ್ಯಾಟರಿ. ಇಳಿದ ಮೇಲೆ ಉಲ್ಟಾ: ಮೊದಲು ಬ್ಯಾಟರಿ ಬಿಚ್ಚಿ, ಕೊನೆಗೆ ರಿಮೋಟ್ ಆಫ್. ಬ್ಯಾಟರಿ ಜೋಡಿಸಿದ ಕ್ಷಣದಿಂದ ಬಿಚ್ಚುವವರೆಗೆ ಪ್ರೊಪೆಲ್ಲರ್ ಯಾವಾಗ ಬೇಕಾದರೂ ತಿರುಗಬಹುದು ಅಂದುಕೊಂಡೇ ಕೈ ಇಡಿ. 10 ಇಂಚಿನ ಪ್ಲಾಸ್ಟಿಕ್ ಪ್ರೊಪೆಲ್ಲರ್ ಬೆರಳನ್ನು ಮೂಳೆವರೆಗೆ ಕೊಯ್ಯುತ್ತೆ.

ನಂತರ ಸ್ಟಿಕ್‌ಗಳು. ಬಲಕ್ಕೆ ಸರಿಸಿದರೆ ಬಲ ರೆಕ್ಕೆಯ ಹಿಂದಿನ ಪಟ್ಟಿ ಮೇಲೆದ್ದು ಎಡದ್ದು ಕೆಳಗಿಳಿಯಬೇಕು. ನಿಮ್ಮ ಕಡೆ ಎಳೆದರೆ ಬಾಲದ ಪಟ್ಟಿ ಮೇಲೇಳಬೇಕು. ರಿಪೇರಿ ಆದ ಮೇಲೆ ವೈರ್ ಉಲ್ಟಾ ಚುಚ್ಚಿ ಹಾರಿಸಿದರೆ ವಿಮಾನ ಮೂರು ಸೆಕೆಂಡ್ ಬದುಕುತ್ತೆ. ಬರೀ "ಅಲುಗಾಡುತ್ತಿದೆ" ಅಂತ ನೋಡಬೇಡಿ, ಯಾವ ಕಡೆಗೆ ಅಂತ ನೋಡಿ.

ಮುಂದೆ ತೂಕದ ಮಧ್ಯಬಿಂದು. ರೆಕ್ಕೆಯ ಅಗಲ 20 ಸೆಂ.ಮೀ. ಇದ್ದರೆ ಮುಂದಿನ ಅಂಚಿನಿಂದ 5ರಿಂದ 6 ಸೆಂ.ಮೀ. ಹಿಂದೆ, ರೆಕ್ಕೆಯ ಕೆಳಗೆ ಎರಡೂ ಬದಿ ಮಾರ್ಕರ್‌ನಿಂದ ಚುಕ್ಕೆ ಇಟ್ಟುಕೊಳ್ಳಿ. ಬ್ಯಾಟರಿ ಹಾಕಿದ ಮೇಲೆ ಆ ಚುಕ್ಕೆಗಳ ಕೆಳಗೆ ಎರಡು ತೋರುಬೆರಳು ಕೊಟ್ಟು ಎತ್ತಿದರೆ ವಿಮಾನ ಮಟ್ಟವಾಗಿ ನಿಲ್ಲಬೇಕು ಅಥವಾ ಮೂಗು ತುಸು ಬಗ್ಗಬೇಕು. ಬಾಲ ಬಗ್ಗಿದರೆ ಹಾರಿಸಬೇಡಿ, ಬ್ಯಾಟರಿ ಮುಂದೆ ಸರಿಸಿ. ಬಾಲ ಭಾರವಾದ ವಿಮಾನ ಮೂಗು ಎತ್ತುತ್ತಾ ಹೋಗಿ, ವೇಗ ಕಳೆದುಕೊಂಡು ಮಗುಚುತ್ತೆ, ಅದನ್ನು ಹಿಡಿದು ನಿಲ್ಲಿಸುವುದು ಪಳಗಿದವರಿಗೂ ಕಷ್ಟ.

ದಿನದ ಮೊದಲ ಹಾರಾಟಕ್ಕೆ ಇನ್ನೊಂದು: ರಿಮೋಟ್‌ನ ರೇಂಜ್ ಟೆಸ್ಟ್ (ಬೇಕೆಂದೇ ಸಿಗ್ನಲ್ ಕಡಿಮೆ ಮಾಡುವ ಗುಂಡಿ) ಒತ್ತಿಕೊಂಡು ಮೂವತ್ತು ಹೆಜ್ಜೆ ದೂರ ನಡೆಯಿರಿ, ಅಲ್ಲಿಂದಲೂ ಎಲ್ಲ ಪಟ್ಟಿಗಳು ಸರಿಯಾಗಿ ಅಲ್ಲಾಡಬೇಕು. ತಿಂಗಳಿಗೊಮ್ಮೆ ಪ್ರೊಪೆಲ್ಲರ್ ತೆಗೆದು ಮೋಟಾರು ಅರ್ಧ ವೇಗದಲ್ಲಿ ಓಡಿಸಿ, ರಿಮೋಟ್ ಆಫ್ ಮಾಡಿ. ಮೋಟಾರು ನಿಲ್ಲಬೇಕು. ನಿಲ್ಲದಿದ್ದರೆ ಸಿಗ್ನಲ್ ತಪ್ಪಿದಾಗ ಮೋಟಾರು ನಿಲ್ಲಿಸುವ ಫೇಲ್‌ಸೇಫ್ ಸರಿಯಾಗಿ ಕೂತಿಲ್ಲ ಅಂತ ಅರ್ಥ, ಅದನ್ನು ಸರಿ ಮಾಡುವವರೆಗೆ ವಿಮಾನ ನೆಲ ಬಿಡಬಾರದು.

ಹೊಸಬರಿಗೆ ಕಲಿಸುವಾಗ ಎರಡು ರಿಮೋಟ್ ಜೋಡಿಸಿ ಕಲಿಸಿ. ಗುರುವಿನ ಕೈಯಲ್ಲಿ ಒಂದು ಸ್ವಿಚ್ ಇರುತ್ತೆ, ಒತ್ತಿದರೆ ಶಿಷ್ಯರು ಹಾರಿಸುತ್ತಾರೆ, ಬಿಟ್ಟರೆ ವಿಮಾನ ಗುರುವಿನ ಕೈಗೆ ಬರುತ್ತೆ. ಎರಡನೇ ರಿಮೋಟ್‌ಗೆ ಕೊಟ್ಟ ದುಡ್ಡು ಮೊದಲ ತಿಂಗಳಲ್ಲೇ ವಾಪಸ್ ಬರುತ್ತೆ.

ಬಿದ್ದ ಮೇಲೆ

ಓಡಿಹೋಗಿ ಎತ್ತಬೇಡಿ. ಮೊದಲು ವೇಗದ ಸ್ಟಿಕ್ ಕೆಳಗೆ, ಹತ್ತಿರ ಹೋಗಿ ಬ್ಯಾಟರಿ ಬಿಚ್ಚಿ, ಬ್ಯಾಟರಿಯನ್ನು ವಿಮಾನದಿಂದ ದೂರ, ಬರೀ ಮಣ್ಣಿನ ಮೇಲೆ ಕಾಲು ತಾಸು ಇಡಿ. ಏಟು ತಿಂದ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ತಡವಾಗಿಯೂ ಬೆಂಕಿ ಹಿಡಿಯಬಹುದು, ಕಾರಿನ ಡಿಕ್ಕಿಯಲ್ಲಿ ಹಿಡಿಯುವುದು ಬೇಡ.

ಆಮೇಲೆ ಮೂಗಿನಿಂದ ಬಾಲದವರೆಗೆ ನೋಡಿ. ಪ್ರೊಪೆಲ್ಲರ್ ಅಂಚಿನಲ್ಲಿ ಉಗುರಿಗೆ ಸಿಗುವಷ್ಟು ಕಚ್ಚು ಇದ್ದರೂ ಬದಲಾಯಿಸಿ. ಅದು ಅಗ್ಗದ ಸಾಮಾನು, ಡಬ್ಬಿಯಲ್ಲಿ ಯಾವಾಗಲೂ ನಾಲ್ಕು ಇರಲಿ. ಮೋಟಾರಿನ ಕಂಬಿ ಬಗ್ಗಿದೆಯಾ ಅಂತ ಪ್ರೊಪೆಲ್ಲರ್ ತೆಗೆದು ನಿಧಾನ ಓಡಿಸಿದರೆ ಗೊತ್ತಾಗುತ್ತೆ, ತುದಿ ಒಂದೇ ಬಿಂದುವಾಗಿ ಕಾಣದೆ ಸಣ್ಣ ಉಂಗುರದಂತೆ ಕಂಡರೆ ಬಗ್ಗಿದೆ. ಮೋಟಾರಿನೊಳಗೆ ಆಯಸ್ಕಾಂತ ಇರುವುದರಿಂದ ಮಣ್ಣಿನಲ್ಲಿರುವ ಕಬ್ಬಿಣದ ಕಣಗಳು ಹೋಗಿ ಅಂಟಿಕೊಳ್ಳುತ್ತವೆ. ಬಣ್ಣ ಬಳಿಯುವ ಸಣ್ಣ ಬ್ರಷ್‌ನಿಂದ ತೆಗೆಯಿರಿ, ಉಳಿದದ್ದನ್ನು ಟೇಪಿನ ಅಂಟು ಬದಿ ಒತ್ತಿ ಎಳೆಯಿರಿ.

ಸರ್ವೋ ನೋಡುವುದನ್ನು ಮಾತ್ರ ಎಲ್ಲರೂ ಕಲಿಯಲೇಬೇಕು. ವಿಮಾನ ಆಫ್ ಇರುವಾಗ ರೆಕ್ಕೆಯ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ತೀರಾ ನಿಧಾನವಾಗಿ ಮೇಲೆ ಕೆಳಗೆ ಮಾಡಿ. ಒಳಗಿನ ಗಾಲಿಗಳು ಒಂದೇ ಸಮ ಉರುಳುವುದು ಬೆರಳಿಗೆ ತಿಳಿಯುತ್ತೆ. ಎಲ್ಲೋ ಒಂದು ಕಡೆ "ಟಕ್" ಅಂತ ಜಾರಿದರೆ ಅಲ್ಲೇ ಹಲ್ಲು ಹೋಗಿದೆ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತೆ. ನಮ್ಮ ಗೆಳೆಯ ಅವತ್ತು ಈ ಅರ್ಧ ನಿಮಿಷದ ಕೆಲಸ ಮಾಡಿದ್ದರೆ ವಿಮಾನ ಉಳಿಯುತ್ತಿತ್ತು, ಆದರೆ ಆಗ ಇದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಂಟಿನ ವಿಷಯ. ಮುರಿದ ಫೋಮ್ ತುಂಡುಗಳನ್ನು ಒಂದೂ ಬಿಡದೆ ಆರಿಸಿಕೊಳ್ಳಿ, ಹೆಚ್ಚಿನವು ಮತ್ತೆ ಸರಿಯಾಗಿ ಕೂರುತ್ತವೆ. ಮೋಟಾರು ಕೂರುವ ಜಾಗ, ರೆಕ್ಕೆ ಸೇರುವ ಜಾಗಕ್ಕೆ ಎರಡು ಟ್ಯೂಬ್ ಕಲೆಸುವ ಎಪಾಕ್ಸಿಯೇ ಬೇಕು. ಬಿಸಿ ಅಂಟಿನ ಗನ್ ಅಲ್ಲಿ ಬೇಡ. ಒಂದು ಏಪ್ರಿಲ್‌ನಲ್ಲಿ ಅವಸರಕ್ಕೆ ಮೋಟಾರಿನ ಪ್ಲೇಟನ್ನು ಬಿಸಿ ಅಂಟಿನಿಂದ ಕೂರಿಸಿದ್ದೆವು, ಮನೆಯಲ್ಲಿ ಕಲ್ಲಿನಂತೆ ಹಿಡಿದಿತ್ತು. ಹೊಲದಲ್ಲಿ ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಿಗೆ, ಕಪ್ಪು ಬಣ್ಣದ ಮೂಗಿನೊಳಗೆ, ಅಂಟು ಬೆಲ್ಲದ ಪಾಕದ ಹಾಗೆ ಮೆತ್ತಗಾಯಿತು. ಪೂರ್ತಿ ವೇಗ ಕೊಟ್ಟಾಗ ಮೋಟಾರು ವೈರಿಗೆ ಜೋತುಬಿತ್ತು. ಪುಣ್ಯಕ್ಕೆ ವಿಮಾನ ಇನ್ನೂ ಕೈಯಲ್ಲೇ ಇತ್ತು. ಥರ್ಮೋಕೋಲ್ ಭಾಗಗಳಿಗೆ ಸಾಮಾನ್ಯ ಫೆವಿಕ್ವಿಕ್ ಹಾಕಬೇಡಿ, ಅದು ಥರ್ಮೋಕೋಲನ್ನು ತಿಂದು ಹಾಕುತ್ತೆ. ಹೆಚ್ಚಿನ ರೆಡಿಮೇಡ್ ಫೋಮ್ ವಿಮಾನಗಳ ಇಪಿಒ ಫೋಮ್ ಅದನ್ನು ತಡೆಯುತ್ತೆ, ಆದರೂ ಮೊದಲು ಒಂದು ಮೂಲೆಯಲ್ಲಿ ಹನಿ ಹಾಕಿ ನೋಡಿ.

ಸರ್ವೋದಿಂದ ಪಟ್ಟಿಗೆ ಹೋಗುವ ತಂತಿ ಬಗ್ಗಿದರೆ ಸೈಕಲ್ ಅಂಗಡಿಯ ಸ್ಪೋಕ್ ಆಗುತ್ತೆ. ಅದು 2 ಮಿ.ಮೀ. ದಪ್ಪ, ತುಸು ಭಾರ, ಊರಿಗೆ ಹೋಗಿ ಸರಿಯಾದ್ದು ತರುವವರೆಗೆ ಸಾಕು. ಫ್ಲೆಕ್ಸ್ ಅಂಗಡಿಯ ಸನ್‌ಬೋರ್ಡ್‌ನಿಂದ ರೆಕ್ಕೆ ಮಾಡುವ ಆಸೆ ಬೇಡ, ತುಂಬ ಭಾರ.

ಬ್ಯಾಟರಿ

ಬ್ಯಾಟರಿಗಳಿಗೆ ನಂಬರ್ ಹಾಕಿ, ಕೊಂಡ ತಿಂಗಳು ಬರೆಯಿರಿ. ನಮ್ಮದು ಮೂರು ಸೆಲ್ಲಿನ 2200 ಎಂಎಎಚ್. ಪೂರ್ತಿ ತುಂಬಿದಾಗ ಒಂದು ಸೆಲ್ 4.2 ವೋಲ್ಟ್, ಇಟ್ಟುಕೊಳ್ಳುವಾಗ 3.8. ಹಾರಿಸಿ ಇಳಿಸಿದ ಮೇಲೆ 3.6ಕ್ಕಿಂತ ಕೆಳಗೆ ಹೋಗಿದ್ದರೆ ಜಾಸ್ತಿ ಹೊತ್ತು ಹಾರಿಸಿದ್ದೀರಿ. ರಿಮೋಟ್‌ನ ಟೈಮರ್ ಏಳು ನಿಮಿಷಕ್ಕೆ ಇಡಿ. ಚಾರ್ಜ್ ಮಾಡುವುದು 2.2 ಆಂಪಿಯರ್‌ನಲ್ಲಿ, ಎಲ್ಲ ಸೆಲ್‌ಗಳನ್ನು ಸಮವಾಗಿ ತುಂಬಿಸುವ ಬ್ಯಾಲೆನ್ಸ್ ವೈರ್ ಚುಚ್ಚಿಯೇ, ಮನುಷ್ಯ ಹತ್ತಿರ ಇದ್ದಾಗಲೇ. ರಾತ್ರಿ ಹಚ್ಚಿ ಮಲಗುವುದು ಖಂಡಿತ ಬೇಡ.

ಇಲ್ಲೂ ಪಾಲಿನ ತೊಂದರೆ ಇದೆ: ಎಲ್ಲರ ಬ್ಯಾಟರಿ ಅಂದರೆ ಯಾರ ಬ್ಯಾಟರಿಯೂ ಅಲ್ಲ. ಭಾನುವಾರ ಮಳೆ ಬಂತು, ತುಂಬಿದ ನಾಲ್ಕು ಬ್ಯಾಟರಿ ಹಾಗೇ ಯಾರದೋ ಮನೆಯಲ್ಲಿ ಮೂರು ವಾರ ಉಳಿದವು, ತೆಗೆದು ನೋಡಿದರೆ ಎರಡು ಹೋಳಿಗೆಯಂತೆ ಉಬ್ಬಿದ್ದವು. ಈಗ ಬ್ಯಾಟರಿ ಒಯ್ಯುವವರ ಹೆಸರು ಪುಸ್ತಕದಲ್ಲಿ ಬರುತ್ತೆ, ಹಾರಿಸದಿದ್ದರೆ ಎರಡು ದಿನದೊಳಗೆ ಚಾರ್ಜರ್‌ನ ಸ್ಟೋರೇಜ್ ಮೋಡ್‌ಗೆ ಹಾಕಿ 3.8ಕ್ಕೆ ತರುವುದು ಅವರ ಕೆಲಸ. ಇಡುವ ಜಾಗ: ಉಸುಕು ಹಾಕಿದ ಅಗಲ ಬಾಯಿಯ ಮಣ್ಣಿನ ಗಡಿಗೆ, ಮೇಲೆ ಸಡಿಲ ಮುಚ್ಚಳ, ಅಡಿಗೆಮನೆಯಿಂದ ದೂರ. ಮೇ ತಿಂಗಳಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಉಬ್ಬಿದ್ದನ್ನು ಮತ್ತೆ ಚಾರ್ಜ್ ಮಾಡಬೇಡಿ. ಸಣ್ಣ ಕಾರ್ ಬಲ್ಬ್ ಹಚ್ಚಿ ಹೊರಗೆ ಬಯಲಲ್ಲಿ ಪೂರ್ತಿ ಖಾಲಿ ಮಾಡಿ, ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯಕ್ಕೆ ಕೊಡಿ.

ಆಷಾಢದ ಕೆಲಸ

ಗಾಳಿಯ ಎರಡು ತಿಂಗಳಲ್ಲಿ ಒಂದು ದಿನ ಎಲ್ಲರೂ ಒಬ್ಬರ ಮನೆಯಲ್ಲಿ ಸೇರಿ ವಿಮಾನವನ್ನು ಪೂರ್ತಿ ಬಿಚ್ಚುತ್ತೇವೆ. ಸ್ಕ್ರೂಗಳು, ಪಟ್ಟಿಯ ಕೀಲುಗಳು, ವೈರಿನ ಸೋಲ್ಡರ್, ಹಳದಿ ಕನೆಕ್ಟರ್ ಸಡಿಲ ಆಗಿದೆಯಾ ಎಲ್ಲ ನೋಡುತ್ತೇವೆ. ಲೋಹಕ್ಕೆ ಲೋಹ ಕೂರುವ ಸ್ಕ್ರೂಗಳಿಗೆ ಮಾತ್ರ ಒಂದು ಹನಿ ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲ ಆಗದಂತೆ ಹಿಡಿಯುವ ಅಂಟು). ಪುಸ್ತಕ ತೆಗೆದು "ರೆಕ್ಕೆ ತಾಗಿತು" ಅಂತ ನಾಲ್ಕಕ್ಕಿಂತ ಹೆಚ್ಚು ಸಲ ಬರೆದಿರುವ ಬದಿಯ ಸರ್ವೋವನ್ನು, ಕೆಟ್ಟಿರಲಿ ಬಿಡಲಿ, ಬದಲಾಯಿಸುತ್ತೇವೆ.

ಕೊನೆಗೆ ಅಡಿಗೆಮನೆ ತಕ್ಕಡಿಯ ಮೇಲೆ ತೂಕ. ನಮ್ಮ ಈಗಿನ ವಿಮಾನ ಹೊಸದಿದ್ದಾಗ ಬ್ಯಾಟರಿ ಸೇರಿ 980 ಗ್ರಾಂ, ಹೋದ ಆಷಾಢದಲ್ಲಿ 1,060. ಹೆಚ್ಚಾದ 80 ಗ್ರಾಂ ಎಲ್ಲ ಅಂಟು, ಟೇಪು. ಭಾರ ಹೆಚ್ಚಾದಷ್ಟೂ ಇಳಿಯುವ ವೇಗ ಹೆಚ್ಚುತ್ತೆ, ವೇಗ ಹೆಚ್ಚಾದರೆ ಮತ್ತೆ ಮುರಿಯುತ್ತೆ, ಮತ್ತೆ ಅಂಟು. ಹೊಸದರ ತೂಕಕ್ಕಿಂತ ನೂರಕ್ಕೆ 15 ಪಾಲು ಹೆಚ್ಚಾದ ದಿನ, ನಮ್ಮದಕ್ಕೆ 1,130 ಗ್ರಾಂ ದಾಟಿದ ದಿನ, ಆ ದೇಹವನ್ನು ಬಿಡುವುದು ಅಂತ ತೀರ್ಮಾನ ಮಾಡಿದ್ದೇವೆ. ಹಿಂದಿನ ವಿಮಾನದ ಎರಡು ರೆಕ್ಕೆಗಳು ಈಗ ಕಾಕಾನ ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ತೂಗುತ್ತಿವೆ. ಮೋಟಾರು, ರಿಸೀವರ್, ಚೆನ್ನಾಗಿದ್ದ ಸರ್ವೋಗಳು ಹೊಸ ದೇಹಕ್ಕೆ ಬಂದವು. ಹಾಗೆ ಸಾಗಿಸುವಾಗ ಅವು ಎಷ್ಟು ಹಾರಾಟ ಮಾಡಿವೆ, ಎಷ್ಟು ಏಟು ತಿಂದಿವೆ ಅನ್ನುವುದನ್ನು ಹಳೇ ಪುಸ್ತಕ ನೋಡಿ ಎಣಿಸಿ, ಹೊಸ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಮೊದಲ ಹಾರಾಟದ ಸಾಲು ಎರಡನೇ ಪುಟದಿಂದ ಶುರುವಾಗಲಿ.